ಏಜೆಂಟ್ ಕೈಗೆ ಡೇಟಾಬೇಸ್ ಕೊಡುವ ಮುನ್ನ

ಹಳ್ಳಿಯ ಡೇರಿಗೆ ಹೊಸದಾಗಿ ಬಂದ ಗುಮಾಸ್ತನ ಕೈಗೆ ಲೆಡ್ಜರ್ ಕೊಟ್ಟು ನೋಡಿ. ಮೊದಲ ದಿನವೇ ಹತ್ತು ಸಲ ಎದ್ದು ಬರುತ್ತಾನೆ: ‘ಸಾರ್, ಇದು ಲೀಟರೋ ಕೆಜಿಯೋ?’ ‘ಈ ಕೆಂಪು ಗೆರೆ ಎಳೆದ ಹೆಸರುಗಳು ಯಾರವು?’ ನಮ್ಮ ಪರವಾಗಿ ಡೇಟಾ ಹುಡುಕಿ ಲೆಕ್ಕ ಒಪ್ಪಿಸುವ ಎಐ ಏಜೆಂಟ್ ಹೀಗೆ ಎದ್ದು ಬರುವುದು ಅಪರೂಪ. ಗೊತ್ತಿಲ್ಲದ್ದನ್ನು ಊಹಿಸಿಕೊಂಡು ತಪ್ಪು ಮೊತ್ತವನ್ನೂ ಅಚ್ಚುಕಟ್ಟಾಗಿ ಒಪ್ಪಿಸಿಬಿಡುತ್ತದೆ. ಅದು ಕೇಳದ ಪ್ರಶ್ನೆಗಳಿಗೂ ಉತ್ತರ ಮೊದಲೇ ಬರೆದಿಡುವುದೇ ಇಲ್ಲಿನ ಕೆಲಸ. ಹಾಲು ಉತ್ಪಾದಕರ ಸಂಘವೊಂದರ ಡೇಟಾಬೇಸ್ ನಮ್ಮ ಮುಂದಿದೆ ಎಂದುಕೊಳ್ಳೋಣ.

ಏಜೆಂಟ್‌ಗೆ ಟೂಲಿನ (ಡೇಟಾ ತರಲು ಅದು ಕರೆಯುವ ಸಣ್ಣ ಪ್ರೋಗ್ರಾಂ) ಒಳಗಿನ ಕೋಡ್ ಸಾಮಾನ್ಯವಾಗಿ ಕಾಣುವುದಿಲ್ಲ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರೊಪಿಕ್ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಂಸಿಪಿ, ಎಐಗೆ ಟೂಲುಗಳನ್ನು ಜೋಡಿಸುವ ಒಂದು ಪದ್ಧತಿ) ಬಳಸಿದರೆ ಅದಕ್ಕೆ ಸಿಗುವುದು ಮುಖ್ಯವಾಗಿ ಟೂಲಿನ ಹೆಸರು, ವಿವರಣೆ ಮತ್ತು ಇನ್‌ಪುಟ್ ಸ್ಕೀಮಾ (ಟೂಲಿಗೆ ಏನೇನು, ಯಾವ ರೂಪದಲ್ಲಿ ಕೊಡಬೇಕೆಂಬ ಪಟ್ಟಿ). ಅಲ್ಲಿ ಬರೆಯದ್ದು ಅದಕ್ಕೆ ಗೊತ್ತಿಲ್ಲ.

ಹಂತ 1: ಮೊದಲು ಕಾಲಮ್‌ಗಳನ್ನು ಮಾತಾಡಿಸಿ

ಅವಸರದಲ್ಲಿ ಎಲ್ಲರೂ ದಾಟಿಹೋಗುವ ಹಂತ ಇದು. ‘ಕ್ವಾಂಟಿಟಿ’ ಎಂಬ ಕಾಲಮ್ ಇದೆ, ಸರಿ. ಯಾವ ಅಳತೆ? ಒಂದು ಲೀಟರ್ ಹಾಲು ಸುಮಾರು 1.03 ಕೆಜಿ ತೂಗುತ್ತದೆ. ಒಬ್ಬರ ಕ್ಯಾನಿನಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳದು. ದಿನಕ್ಕೆ 1,000 ಕೆಜಿ ಬರುವ ಸಂಘದಲ್ಲಿ ಅದನ್ನು ಲೀಟರ್ ಎಂದು ಓದಿದರೆ ಹತ್ತಿರಹತ್ತಿರ 30 ಲೀಟರ್ ಏರುಪೇರು. ದರ ರೂಪಾಯಿಯಲ್ಲಿದೆಯೋ ಪೈಸೆಯಲ್ಲೋ? ಅದನ್ನೂ ಬರೆಯಿರಿ.

ಸಮಯದ್ದು ಇನ್ನೂ ದೊಡ್ಡ ತಂಟೆ. ಡೇಟಾಬೇಸ್ ಯುಟಿಸಿಯಲ್ಲಿ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಸಮಯ ಇಡುತ್ತಿದ್ದರೆ, ನಮ್ಮ ಬೆಳಗಿನ 5:15ಕ್ಕೆ ಹಾಕಿದ ಹಾಲು ಅಲ್ಲಿ ಹಿಂದಿನ ರಾತ್ರಿಯ 11:45. ತಿಂಗಳ ಒಂದನೇ ತಾರೀಖಿನ ಹಾಲು ಹಿಂದಿನ ತಿಂಗಳ ಬಟವಾಡೆಗೆ ಸೇರಿತೆಂದರೆ ರೈತರು ಸುಮ್ಮನಿರುತ್ತಾರೆಯೇ? ಸಂಘ ಬಿಟ್ಟ ಸದಸ್ಯರ ಸಾಲನ್ನು ಅಳಿಸದೆ ‘ರದ್ದು’ ಎಂದು ಗುರುತು ಮಾತ್ರ ಹಾಕುವ ಪದ್ಧತಿ ಇದ್ದರೆ, ಎಣಿಸುವಾಗ ಅವರನ್ನು ಬಿಡಬೇಕು ಎಂಬುದೂ ಬರಹದಲ್ಲಿರಲಿ.

ಇದನ್ನೆಲ್ಲ ಬೇರೆ ವರ್ಡ್ ಫೈಲಿನಲ್ಲಿ ಇಡಬೇಡಿ, ಯಾರೂ ತೆರೆಯುವುದಿಲ್ಲ. ಡೇಟಾಬೇಸ್ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ನಲ್ಲಿ ‘ಕಾಮೆಂಟ್ ಆನ್ ಕಾಲಮ್’ ಎಂಬ ಆಜ್ಞೆ ಇದೆ. ಟಿಪ್ಪಣಿ ಡೇಟಾಬೇಸಿನಲ್ಲೇ ಕೂರುತ್ತದೆ, ಟೂಲ್ ಅಲ್ಲಿಂದಲೇ ಓದಿಕೊಡಬಹುದು.

ಹಂತ 2: ಹೆಸರು, ವಿವರಣೆ

‘ಗೆಟ್_ಡೇಟಾ’ ಎಂಬ ಹೆಸರಿನಿಂದ ಯಾರಿಗೂ ಪ್ರಯೋಜನವಿಲ್ಲ. ‘ಬಟವಾಡೆ_ಸಾರಾಂಶ’ ಎನ್ನಿ. ವಿವರಣೆ ಹೀಗಿರಬಹುದು:

“ಒಬ್ಬ ಸದಸ್ಯರು ಒಂದು ಬಟವಾಡೆ ಅವಧಿಯಲ್ಲಿ ಹಾಕಿದ ಒಟ್ಟು ಹಾಲು (ಲೀಟರ್) ಮತ್ತು ಅದರ ಹಣ (ರೂಪಾಯಿ) ಕೊಡುತ್ತದೆ. ಒಂದೊಂದು ಹೊತ್ತಿನ ಫ್ಯಾಟ್ ಬೇಕಿದ್ದರೆ ಇದನ್ನು ಬಳಸಬೇಡಿ, ‘ಹೊತ್ತಿನ_ವಿವರ’ ಬಳಸಿ. ಪಶು ಆಹಾರದ ಬಾಕಿ ಇದರಲ್ಲಿ ಕಳೆದಿಲ್ಲ.”

ನನ್ನ ಪ್ರಕಾರ ಇಲ್ಲಿ ಹೆಚ್ಚು ಬೆಲೆಬಾಳುವುದು ಕೊನೆಯ ಎರಡು ವಾಕ್ಯ. ಟೂಲ್ ಏನು ಮಾಡುತ್ತದೆ ಎಂದು ಎಲ್ಲರೂ ಬರೆಯುತ್ತಾರೆ. ಏನು ಮಾಡುವುದಿಲ್ಲ ಎಂಬುದನ್ನು ಬಿಟ್ಟಾಗಲೇ ಏಜೆಂಟ್ ಎಡವುವುದು.

ಹಂತ 3: ಏನು ಕೊಡಬೇಕು, ಏನು ಸಿಗುತ್ತದೆ

ಹೊತ್ತು ಎಂದರೆ ‘ಬೆಳಿಗ್ಗೆ’ ಅಥವಾ ‘ಸಂಜೆ’ ಮಾತ್ರ ಎಂದು ಸ್ಕೀಮಾದಲ್ಲೇ ಕಟ್ಟಿಹಾಕಿ. ದಿನಾಂಕಕ್ಕೆ 2025-04-01 ತರಹದ ಒಂದು ಮಾದರಿ ಕೊಡಿ. ಊರಲ್ಲಿ ಮೂವರು ಮಂಜುನಾಥರಿರುತ್ತಾರೆ, ಗೊತ್ತಲ್ಲ. ಹೆಸರಿನಿಂದ ಹುಡುಕುವ ಟೂಲ್ ಮೊದಲು ಸಿಕ್ಕವರನ್ನು ಹಿಡಿದುಕೊಳ್ಳದೆ ಮೂವರನ್ನೂ ಸದಸ್ಯ ಸಂಖ್ಯೆಯ ಸಮೇತ ಕೊಡಲಿ.

ಉತ್ತರ 100 ಸಾಲಿಗೆ ನಿಲ್ಲುವುದಾದರೆ ಟೂಲ್ ಅದನ್ನು ಬಾಯಿಬಿಟ್ಟು ಹೇಳಬೇಕು: “ಒಟ್ಟು 340, ಇಲ್ಲಿ ಮೊದಲ 100.” ಇಲ್ಲದಿದ್ದರೆ ಏಜೆಂಟ್ ಆ ನೂರನ್ನೇ ಕೂಡಿಸಿ ಇಡೀ ಸಂಘದ ಲೆಕ್ಕ ಎಂದುಬಿಡುತ್ತದೆ. ತಪ್ಪಾದಾಗ ಬರೀ ‘ಎರರ್’ ಎಂದು ಕೈತೊಳೆದುಕೊಳ್ಳಬಾರದು. “ಈ ಸಂಖ್ಯೆಯ ಸದಸ್ಯರಿಲ್ಲ, ‘ಸದಸ್ಯ_ಹುಡುಕು’ ಬಳಸಿ” ಎಂದು ಮುಂದಿನ ದಾರಿ ತೋರಿಸಲಿ.

ಹಂತ 4: ಬೀಗ ಬೇರೆ, ಬೋರ್ಡ್ ಬೇರೆ

‘ಇದು ಓದುವುದಕ್ಕೆ ಮಾತ್ರ’ ಎಂದು ಎಂಸಿಪಿಯಲ್ಲಿ ಗುರುತು ಹಾಕಬಹುದು. ಆದರೆ ಅದು ಸೂಚನೆ ಅಷ್ಟೇ, ಯಾರನ್ನೂ ತಡೆಯುವುದಿಲ್ಲ. ನಿಜವಾದ ತಡೆ ಬೇಕಿದ್ದರೆ ಡೇಟಾಬೇಸಿನಲ್ಲಿ ಏಜೆಂಟ್‌ಗೆಂದೇ ಬೇರೆ ಬಳಕೆದಾರನನ್ನು ಮಾಡಿ, ಬೇಕಾದ ಟೇಬಲ್‌ಗಳಿಗೆ ಸೆಲೆಕ್ಟ್ (ಓದುವ) ಹಕ್ಕು ಮಾತ್ರ ಕೊಡಿ. ಬ್ಯಾಂಕ್ ಖಾತೆ ಸಂಖ್ಯೆಯ ಟೇಬಲ್ ಅದರ ಕಣ್ಣಿಗೇ ಬೀಳದಿರಲಿ.

ಹಂತ 5: ಕಾರ್ಯದರ್ಶಿಯ ಪ್ರಶ್ನೆಗಳಿಂದಲೇ ಪರೀಕ್ಷೆ

ಸಂಘದ ಕಾರ್ಯದರ್ಶಿ ದಿನವೂ ಕೇಳುವ ಇಪ್ಪತ್ತು ಪ್ರಶ್ನೆ ಅವರ ಮಾತಿನಲ್ಲೇ ಬರೆದುಕೊಳ್ಳಿ. ಉತ್ತರವನ್ನು ಕೈಯಾರೆ ಲೆಕ್ಕ ಹಾಕಿಡಿ. ಆಮೇಲೆ ಏಜೆಂಟ್‌ಗೆ ಕೇಳಿ. ತಪ್ಪಿದರೆ ಪ್ರಶ್ನೆಯನ್ನು ತಿದ್ದಬೇಡಿ. ಅದು ಯಾವ ಟೂಲ್ ಕರೆಯಿತು, ಏನು ಕೊಟ್ಟಿತು ಎಂದು ಲಾಗ್ (ನಡೆದದ್ದರ ದಾಖಲೆ) ನೋಡಿ ವಿವರಣೆಯನ್ನು ತಿದ್ದಿ. ಮುಂದೆ ಯಾರಾದರೂ ಕಾಲಮ್ ಬದಲಿಸಿದರೆ ಅದೇ ಮೈಗ್ರೇಶನ್ ಫೈಲಿನಲ್ಲಿ (ಡೇಟಾಬೇಸಿನ ರಚನೆ ಬದಲಿಸುವ ಫೈಲ್) ಕಾಮೆಂಟೂ ಬದಲಾಗಿರಬೇಕು, ಮತ್ತು ಆ ಇಪ್ಪತ್ತೂ ಪ್ರಶ್ನೆ ಇನ್ನೊಮ್ಮೆ ಓಡಬೇಕು.