ಕಕ್ಕಡದ ಮಳೆಯಲ್ಲಿ ಥರ್ಮೋಕೋಲ್ ಮಾದರಿಯ ಎರಕ

ಸೋಮವಾರಪೇಟೆಯ ಸಮೀಪದ ನಮ್ಮ ಕಾಫಿ ತೋಟದಲ್ಲಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಯಂತ್ರದ ಆಧಾರದ ತುಂಡೊಂದು ಮುರಿದು, ಅದರ ಬದಲಿ ಭಾಗ ಎಲ್ಲಿಯೂ ಸಿಗದೆ ಹೋದಾಗ, ಕೊಯ್ಲಿಗೆ ಮೊದಲೇ ಅದನ್ನು ಅಲ್ಯೂಮಿನಿಯಂನಲ್ಲಿ ನಾನೇ ಎರಕ ಹೊಯ್ಯಲು ನಿಶ್ಚಯಿಸಿದೆ. ಎರಕದ ಅಚ್ಚಿಗಾಗಿ ಮರಳಿನಲ್ಲಿ ಹೂಳುವ ಮರದ ಮಾದರಿಯನ್ನು ಲೋಹ ಹೊಯ್ಯುವ ಮೊದಲು ಹೊರತೆಗೆಯಬೇಕಾಗುತ್ತದೆ. ಥರ್ಮೋಕೋಲಿನದನ್ನು ಮರಳಿನಲ್ಲಿಯೇ ಬಿಟ್ಟು ಕರಗಿದ ಲೋಹವನ್ನು ಹೊಯ್ದರೆ, ಅದು ಆವಿಯಾಗುತ್ತಾ ಹೋದಂತೆ ಲೋಹವು ಅದರ ಜಾಗವನ್ನು ತುಂಬಿಕೊಳ್ಳುತ್ತದೆ. ಹೆರಾಲ್ಡ್ ಶ್ರೋಯರ್ ಅವರಿಗೆ 1958ರಲ್ಲಿ ಪೇಟೆಂಟ್ ದೊರೆತ ವಿಧಾನ ಇದಕ್ಕೆ ಮೂಲ.

ಅಲ್ಯೂಮಿನಿಯಂ ಆರುವಾಗ ಸುಮಾರು 1.3 ಶೇಕಡಾ ಕುಗ್ಗುವುದರಿಂದ 200 ಮಿಲಿಮೀಟರ್ ಉದ್ದದ ತುಂಡಿಗೆ 202.6 ಮಿಲಿಮೀಟರಿನ ಮಾದರಿಯನ್ನು ವಿದ್ಯುತ್ತಿನಿಂದ ಕಾಯಿಸಿದ ನಿಕ್ರೋಮ್ ತಂತಿಯಿಂದ ಕತ್ತರಿಸಿದೆ. ತಂತಿ ಕೆಂಪಗೆ ಕಾದರೆ ಥರ್ಮೋಕೋಲ್ ಅಗತ್ಯಕ್ಕಿಂತ ಅಗಲವಾಗಿ ಕರಗಿ ಅಂಚು ಕೆಡುತ್ತದೆ. ಥರ್ಮೋಕೋಲ್ ಹಲಗೆಯ ಸಾಂದ್ರತೆ ಘನಮೀಟರಿಗೆ 20 ಕಿಲೋ, ಅಲ್ಯೂಮಿನಿಯಂನದು 2700. ಹಾಗಾಗಿ ಹೊಯ್ಯುವ ದಾರಿಯೂ ಸೇರಿ 8 ಗ್ರಾಂ ತೂಗಿದ ಮಾದರಿಗೆ ಅದರ 135 ಪಟ್ಟು, ಅಂದರೆ ಸುಮಾರು 1080 ಗ್ರಾಂ ಲೋಹ ಬೇಕಾಯಿತು. ಅದಕ್ಕಿಂತ ಸ್ವಲ್ಪ ಹೆಚ್ಚೇ ಕರಗಿಸಿಕೊಂಡೆ.

ನಿಜವಾದ ಕಷ್ಟ ಒಣಗಿಸುವುದರಲ್ಲಿತ್ತು. ಜಿಪ್ಸಮ್ ಲೇಪವನ್ನು ನೀರಿನಲ್ಲಿ ತೆಳುವಾಗಿ ಕಲಸಿ ಮಾದರಿಗೆ ಬಳಿದೆ. ಆವಿಯನ್ನು ಹೊರಬಿಟ್ಟು, ಲೋಹವನ್ನು ಮರಳಿಗೆ ನುಗ್ಗದಂತೆ ತಡೆಯುವುದು ಇದೇ ಪದರ. ಕಕ್ಕಡದ, ಅಂದರೆ ಕೊಡಗಿನ ಜುಲೈ-ಆಗಸ್ಟ್ ತಿಂಗಳ, ಮಳೆಯಲ್ಲಿ ಎರಡು ದಿನಕ್ಕೇ ಅದು ಕೈಗೆ ಒಣಗಿದಂತೆ ಅನ್ನಿಸಿತು, ನಾನೂ ನಂಬಿದೆ. ಹೊಯ್ದ ಕೂಡಲೇ ಒಳಗೆ ಉಳಿದಿದ್ದ ತೇವ ಉಗಿಯಾಗಿ ಲೋಹವನ್ನು ಹೊಯ್ಯುವ ಬಾಯಿಂದಲೇ ಮೇಲಕ್ಕೆ ಚಿಮ್ಮಿಸಿತು. ಚರ್ಮದ ಕೈಗವಸು ಮತ್ತು ಮುಖದ ಕವಚ ಇದ್ದುದರಿಂದ ನನಗೆ ಸುಟ್ಟಗಾಯವಾಗಲಿಲ್ಲ.

ಎರಡನೆಯ ಮಾದರಿಯನ್ನು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಕೈಗೆ ಹಿತವೆನಿಸುವಷ್ಟು ಮಾತ್ರ ಬಿಸಿಯಿರುವ ಕಡೆ ಇಟ್ಟು, ಪ್ರತಿದಿನ ಬೆಳಿಗ್ಗೆ ತೂಗಿದೆ. ಐದನೆಯ ಮತ್ತು ಆರನೆಯ ದಿನದ ತೂಕ ಒಂದೇ ಆದ ಮೇಲೆಯೇ ಅದನ್ನು ಕೆಳಗಿಳಿಸಿದೆ. ಮರಳನ್ನೂ ಕಬ್ಬಿಣದ ಬಾಣಲೆಯಲ್ಲಿ ಹುರಿದು, ಆರಿಸಿ, ಜರಡಿ ಹಿಡಿದು, ಡಬ್ಬವನ್ನು ತಟ್ಟುತ್ತಾ ಮಾದರಿಯ ಸುತ್ತ ತುಂಬಿದೆ.

ಹೊಯ್ಯುವಾಗ ಕೈ ನಿಲ್ಲಬಾರದು, ಏಕೆಂದರೆ ಧಾರೆ ತುಂಡಾದರೆ ಆಧಾರವಿಲ್ಲದ ಒಣ ಮರಳು ಕುಸಿಯುತ್ತದೆ. ಹೊಗೆಯಲ್ಲಿ ಸ್ಟೈರೀನ್ ಎಂಬ ಹಾನಿಕರ ಆವಿ ಇರುವುದರಿಂದ ಸುತ್ತಲೂ ತೆರೆದ, ಆದರೆ ಮಳೆಹನಿ ಬೀಳದ ಕೊಟ್ಟಿಗೆಯಲ್ಲಿ, ಗಾಳಿ ಬರುವ ಬದಿಯಲ್ಲಿ ನಿಂತು ಹೊಯ್ದೆ. ಮರಳು ಕೊಡವಿದಾಗ ಥರ್ಮೋಕೋಲಿನ ಕಾಳುಗಳ ಗುರುತು ಕೂಡ ಲೋಹದಲ್ಲಿ ಮೂಡಿತ್ತು. ಯಂತ್ರಕ್ಕೆ ತಾಗುವ ಮುಖವನ್ನಷ್ಟೇ ಅರದಿಂದ ಉಜ್ಜಿ, ತೂತು ಕೊರೆದು, ತುಂಡನ್ನು ಪಲ್ಪರಿಗೆ ಜೋಡಿಸಿದೆ.