ತೂಕ ಇಳಿಸುವ ಆಪರೇಷನ್‌ಗೆ ನಿಮ್ಮ ಡಾಕ್ಟರು ‘ಬೇಡ’ ಎಂದರೆ

‘ಬಾಯಿ ಕಟ್ಟಮ್ಮ, ಬೆಳಿಗ್ಗೆ ಎದ್ದು ವಾಕಿಂಗ್ ಹೋಗು. ಚೆನ್ನಾಗಿರೋ ಹೊಟ್ಟೇನ ಯಾಕೆ ಕೊಯ್ಸ್ಕೊಳ್ತೀಯ?’

ತುಮಕೂರಿನ ಕ್ಲಿನಿಕ್ಕುಗಳಲ್ಲಿ ಬೇರಿಯಾಟ್ರಿಕ್ ಸರ್ಜರಿಯ, ಅಂದರೆ ಜಠರವನ್ನು ಚಿಕ್ಕದು ಮಾಡಿ ತೂಕ ಇಳಿಸುವ ಆಪರೇಷನ್ನಿನ ಮಾತೆತ್ತಿದವರಿಗೆ ಮೊದಲು ಸಿಗುವ ಉತ್ತರ ಹೆಚ್ಚುಕಡಿಮೆ ಇದೇ. ಕೇಳಿಸಿಕೊಂಡವರು ಸುಮ್ಮನಾಗಿ ಇನ್ನೈದು ವರ್ಷ ತಳ್ಳುತ್ತಾರೆ, ಇಲ್ಲವೇ ಡಾಕ್ಟರಿಗೆ ಹೇಳದೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಎರಡೂ ನಷ್ಟದ ದಾರಿ. ಆಪರೇಷನ್ ಅನ್ನುವುದು ಬೆಂಗಳೂರಿನಲ್ಲಿ ಎರಡು ಮೂರು ದಿನದ ಕೆಲಸ. ಆಮೇಲೆ ಬಿಪಿ ಮಾತ್ರೆ ತಗ್ಗಿಸುವುದು, ಬಿ12 ಇಂಜೆಕ್ಷನ್, ರಾತ್ರಿ ಹನ್ನೊಂದಕ್ಕೆ ಶುರುವಾದ ವಾಂತಿ, ಇದೆಲ್ಲ ಬಂದು ನಿಲ್ಲುವುದು ಊರಿನ ಡಾಕ್ಟರ ಬಾಗಿಲಲ್ಲೇ. ಅವರ ‘ಬೇಡ’ವನ್ನು ದಾಟಿ ಹೋಗುವ ಮೊದಲು ಅದನ್ನು ಬಿಚ್ಚಿ ನೋಡಬೇಕು.

1. ‘ಬೇಡ’ ಯಾವ ಜಾತಿಯದು?

ಒಂದು, ನಿಜವಾದ ವೈದ್ಯಕೀಯ ಅಡ್ಡಿ: ಹತೋಟಿಗೆ ಬಾರದ ಹೃದಯ ವೈಫಲ್ಯ, ಮುಂದುವರಿದ ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ), ಬಿಡಲಾಗದ ಕುಡಿತ, ಚಿಕಿತ್ಸೆ ಇಲ್ಲದ ತೀವ್ರ ಮಾನಸಿಕ ಕಾಯಿಲೆ, ಸದ್ಯದಲ್ಲೇ ಮಗು ಬೇಕೆಂಬ ಯೋಚನೆ. ಆಪರೇಷನ್ ಆದ ಮೇಲೆ 12ರಿಂದ 18 ತಿಂಗಳು ಗರ್ಭ ನಿಲ್ಲಬಾರದು. ಹೊಸದಾಗಿ ಮದುವೆಯಾದವರಿಗೆ ಡಾಕ್ಟರು ತಡೆ ಹಾಕಿದರೆ ಅದರಲ್ಲಿ ಅರ್ಥವಿದೆ.

ಎರಡು, ‘ಈಗಲೇ ಬೇಡ’. ಶುಗರ್ ಏರಿದೆ, ಥೈರಾಯ್ಡ್ ನೋಡಿಲ್ಲ, ಬೀಡಿ ಬಿಟ್ಟಿಲ್ಲ. ಇದು ಮುಚ್ಚಿದ ಬಾಗಿಲಲ್ಲ, ಬಾಕಿ ಇರುವ ಕೆಲಸ.

ಮೂರನೆಯದು ಅಭಿಪ್ರಾಯ. ದಪ್ಪಗಿರುವವರಿಗೆ ಸಂಯಮವಿಲ್ಲ ಎಂಬ ನಂಬಿಕೆ, ಅಥವಾ ಇಪ್ಪತ್ತು ವರ್ಷದ ಹಿಂದೆ ಎಲ್ಲೋ ಕೇಳಿದ ಸಾವಿನ ಸುದ್ದಿ. ಈ ಬಗೆಯ ‘ಬೇಡ’ದ ಎದುರು ವಾದ ನಡೆಯುವುದಿಲ್ಲ, ಕಾಗದ ನಡೆಯುತ್ತದೆ.

ಯಾವುದೆಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ‘ಸಾರ್, ನನಗೆ ಬೇಡ ಅಂತೀರೋ, ಯಾರಿಗೂ ಬೇಡ ಅಂತೀರೋ?’ ‘ನಿನಗೆ’ ಎಂದರೆ ಕಾರಣ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ‘ಯಾರಿಗೂ’ ಎಂದರೆ ಅದು ಮೂರನೆಯ ಜಾತಿ.

2. ಒಂದೇ ಹಾಳೆ ತಯಾರಿಸಿ

ಬೆಳಿಗ್ಗೆ ಅರವತ್ತು ಜನ ಕಾಯುವ ಕ್ಲಿನಿಕ್ಕಿನಲ್ಲಿ ನಿಮಗೆ ಸಿಗುವುದು ಐದು ನಿಮಿಷ. ದಪ್ಪ ಫೈಲು ಯಾರೂ ತೆರೆಯುವುದಿಲ್ಲ, ಒಂದು ಹಾಳೆ ಓದುತ್ತಾರೆ.

ಮೇಲ್ಗಡೆ ಎತ್ತರ, ತೂಕ, ಬಿಎಂಐ (ಎತ್ತರಕ್ಕೆ ತಕ್ಕ ತೂಕವೇ ಎಂದು ತೋರುವ ಅಂಕಿ). ತೂಕವನ್ನು ಕಿಲೋದಲ್ಲಿ, ಎತ್ತರವನ್ನು ಮೀಟರಿನಲ್ಲಿ ಹಿಡಿದು, ತೂಕವನ್ನು ಎತ್ತರದಿಂದ ಎರಡು ಸಲ ಭಾಗಿಸಿ. 158 ಸೆಂ.ಮೀ. ಎತ್ತರ, 96 ಕಿಲೋ ಇದ್ದರೆ ಬಿಎಂಐ 38.5. ಎತ್ತರ ಚಪ್ಪಲಿ ಬಿಟ್ಟು ಅಳೆಸಿ. ಆಧಾರ್ ಮಾಡಿಸುವಾಗ ಯಾರೂ ಕೇಳದ ಈ ಒಂದೆರಡು ಸೆಂಟಿಮೀಟರು ಇಲ್ಲಿ ಲೆಕ್ಕ ತಪ್ಪಿಸುತ್ತದೆ.

ಅದರ ಕೆಳಗೆ ಕಾಯಿಲೆಗಳು, ಯಾವ ವರ್ಷದಿಂದ ಎಂಬ ವಿವರ, ಕೊನೆಯ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರುವ ಪರೀಕ್ಷೆ), ಬಿಪಿ. ಗೊರಕೆ ಹೊಡೆಯುವಾಗ ಉಸಿರು ನಿಂತಂತಾಗುತ್ತದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನು ಕೇಳಿ ಬರೆಯಿರಿ. ನಿಮಗೆ ಗೊತ್ತಿರುವುದಿಲ್ಲ, ಅವರಿಗೆ ಗೊತ್ತಿರುತ್ತದೆ.

ಮೂರನೆಯ ಭಾಗವೇ ಹಾಳೆಯ ಜೀವ: ಈವರೆಗೆ ಮಾಡಿದ ಪ್ರಯತ್ನ. ‘ತುಂಬಾ ಡಯಟ್ ಮಾಡಿದೀನಿ’ ಎಂದರೆ ಯಾವ ಡಾಕ್ಟರೂ ನಂಬುವುದಿಲ್ಲ. ‘ರಾತ್ರಿ ಊಟ ಬಿಟ್ಟು, ದಿನಾ 45 ನಿಮಿಷ ನಡಿಗೆ, ಏಳು ತಿಂಗಳು, 96ರಿಂದ 89ಕ್ಕೆ ಇಳಿದು ಒಂದು ವರ್ಷದಲ್ಲಿ 97’ ಎಂಬ ಒಂದು ಸಾಲು ನಂಬಿಸುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂಬ ಆರೋಪಕ್ಕೆ ಉತ್ತರವೂ ಅದರಲ್ಲೇ ಇದೆ: ತೂಕ ಇಳಿದಾಗ ಮೈ ಹಸಿವನ್ನು ಹೆಚ್ಚಿಸಿ, ಶಕ್ತಿಯ ಖರ್ಚನ್ನು ತಗ್ಗಿಸಿ ಹಳೆಯ ಅಂಕಿಗೆ ಎಳೆಯುತ್ತದೆ.

ಕೊನೆಗೆ ನೀವು ನುಂಗುವುದೆಲ್ಲ. ಮಂಡಿ ನೋವಿಗೆಂದು ಲೇಬಲ್ ಇಲ್ಲದ ಪುಡಿ ತಿನ್ನುತ್ತಿದ್ದರೆ ಅದನ್ನೂ ಬರೆಯಿರಿ. ಅಂಥವುಗಳಲ್ಲಿ ಸ್ಟಿರಾಯ್ಡ್ ಸೇರಿರಬಹುದು, ತೂಕ ಏರಲು ಅದೇ ಕಾರಣವಾಗಿರಬಹುದು. ಕೆಲವು ಮಾನಸಿಕ ಕಾಯಿಲೆಯ ಮಾತ್ರೆ, ಶುಗರ್ ಮಾತ್ರೆ, ಇನ್ಸುಲಿನ್ ಕೂಡ ತೂಕ ಏರಿಸುತ್ತವೆ. ಏಕಾಏಕಿ ನಿಲ್ಲಿಸಬೇಡಿ. ಸ್ಟಿರಾಯ್ಡಂತೂ ತಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಕುತ್ತು.

3. ಒಳಗೆ ಹೋದಾಗ

‘ಆಪರೇಷನ್ ಮಾಡಿಸ್ಕೊಳ್ತೀನಿ’ ಎಂದು ಶುರುಮಾಡಿದರೆ ಡಾಕ್ಟರು ಗೋಡೆ ಕಟ್ಟುತ್ತಾರೆ. ‘ನಾನು ಇದಕ್ಕೆ ಬರ್ತೀನಾ ಇಲ್ವಾ ಅಂತ ನೀವೇ ನೋಡಿ ಹೇಳಿ ಸಾರ್’ ಎಂದು ಹಾಳೆ ಮುಂದಿಡಿ.

ಯಾರಿಗೆ ಆಪರೇಷನ್ ಮಾಡಬಹುದೆಂಬ ಅಳತೆಗೋಲಿನ ವಿಷಯ ಬಂದರೆ ಹೇಳಿ: 1991ರ ಹಳೆಯ ಅಮೆರಿಕದ ಮಿತಿ ಬಿಎಂಐ 40, ಕಾಯಿಲೆಗಳಿದ್ದರೆ 35. ಹಲವು ಡಾಕ್ಟರ ತಲೆಯಲ್ಲಿ ಈಗಲೂ ಅದೇ ಇದೆ. 2022ರಲ್ಲಿ ಅಂತರರಾಷ್ಟ್ರೀಯ ಬೇರಿಯಾಟ್ರಿಕ್ ಸಂಘಟನೆಗಳು ಅದನ್ನು ಬದಲಿಸಿ, 35 ದಾಟಿದವರಿಗೆ ಬೇರೆ ಕಾಯಿಲೆ ಇಲ್ಲದಿದ್ದರೂ ಸರಿ, 30ರ ಮೇಲೆ ಶುಗರ್‌ನಂಥ ಕಾಯಿಲೆ ಇದ್ದವರಿಗೂ ಯೋಚಿಸಬಹುದು ಎಂದವು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಶುಗರ್ ಬರುವುದರಿಂದ ಮಿತಿ ಇನ್ನೂ ಕೆಳಗೆ, 27.5.

ಡಾಕ್ಟರು ಹೇಳುವ ಕೆಲವು ಮಾತುಗಳಿಗೆ ತಲೆಯಾಡಿಸಲೇಬೇಕು. ‘ತೂಕ ವಾಪಸ್ ಬರುತ್ತೆ’ ಎಂದರೆ ಹೌದು, ಎರಡನೆಯ ವರ್ಷದ ನಂತರ ಒಂದಿಷ್ಟು ಬರುವುದುಂಟು, ಎಲ್ಲವೂ ಬರುವುದು ಅಪರೂಪ. ‘ತೂಕ ಇಳಿಸೋ ಇಂಜೆಕ್ಷನ್ ಇದೆಯಲ್ಲ’ ಎಂದರೆ ಅದೂ ನಿಜ. ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಇರುವ ಸೆಮಾಗ್ಲುಟೈಡ್ ಎರಡೂ 2025ರಲ್ಲಿ ಭಾರತಕ್ಕೆ ಬಂದಿವೆ. ನಿಲ್ಲಿಸಿದರೆ ತೂಕ ಮರಳುತ್ತದೆ, ಆದ್ದರಿಂದ ತಿಂಗಳ ಖರ್ಚನ್ನು ವರ್ಷಗಳಿಂದ ಗುಣಿಸಿ ನೋಡಿ. ಬಿಎಂಐ 31 ಇರುವವರು ಮೊದಲು ಇದನ್ನೇ ಕೇಳುವುದು ಒಳ್ಳೆಯದು. 42 ಇರುವವರ ಲೆಕ್ಕ ಬೇರೆ.

4. ಬಾಕಿ ಕೆಲಸ ಮುಗಿಸಿ

ಥೈರಾಯ್ಡಿನ ಟಿಎಸ್‌ಎಚ್, ಎಚ್‌ಬಿಎ1ಸಿ, ಲಿವರ್ ಮತ್ತು ಕಿಡ್ನಿ ಪರೀಕ್ಷೆ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ), ಬಿ12, ವಿಟಮಿನ್ ಡಿ, ಇಸಿಜಿ, ಹೊಟ್ಟೆಯ ಸ್ಕ್ಯಾನಿಂಗ್ ತುಮಕೂರಿನಲ್ಲೇ ಆಗುತ್ತವೆ. ಎಚ್‌ಬಿಎ1ಸಿ ಸಾಮಾನ್ಯವಾಗಿ 8ರ ಒಳಗಿರಲಿ ಎನ್ನುತ್ತಾರೆ. ಬೀಡಿ, ಸಿಗರೇಟು ಕನಿಷ್ಠ ಆರು ವಾರ ಮೊದಲೇ ನಿಲ್ಲಬೇಕು. ಹೊಗೆ ಹೊಲಿಗೆ ಕೂಡದಂತೆ ಮಾಡುತ್ತದೆ, ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಆದವರಿಗೆ ಹುಣ್ಣು ತರುತ್ತದೆ. ಎಲೆಅಡಿಕೆಯ ಜತೆ ಹಾಕುವ ಹೊಗೆಸೊಪ್ಪನ್ನು ‘ಅದೇನ್ ಲೆಕ್ಕ’ ಎಂದು ಬಿಟ್ಟುಬಿಡಬೇಡಿ, ಹೇಳಿ.

ಎದೆಯುರಿ ಇದ್ದರೆ ಎಂಡೋಸ್ಕೋಪಿ ತಪ್ಪಿಸಬೇಡಿ. ಸ್ಲೀವ್ ಎಂಬ ಬಗೆಯ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲಿಗಿಂತ ಹೆಚ್ಚು ಭಾಗ ಕತ್ತರಿಸಿ ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಒಳಗಿನ ಒತ್ತಡ ಏರಿ ಉರಿ ಜಾಸ್ತಿಯಾಗಬಹುದು. ಅಂಥವರಿಗೆ ಬೈಪಾಸ್ ಎನ್ನುತ್ತಾರೆ: ಸುಮಾರು 30 ಮಿ.ಲೀ. ಹಿಡಿಯುವ ಚಿಕ್ಕ ಚೀಲ ಮಾಡಿ ಅದನ್ನು ನೇರ ಕರುಳಿಗೆ ಜೋಡಿಸುವುದು. ಅದಕ್ಕೆ ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪರ್ಯಂತ ಬೇಕು. ಬ್ರೂಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಮಾತ್ರೆಗೆ ಪೂರ್ಣವಿರಾಮ.

5. ಎರಡನೆಯ ಅಭಿಪ್ರಾಯ

ಕುಟುಂಬದ ಡಾಕ್ಟರ ಒಪ್ಪಿಗೆ ಇಲ್ಲದೆ ಆಪರೇಷನ್ ಮಾಡಿಸಬಾರದೆಂಬ ಕಾನೂನಿಲ್ಲ. ನಿಮ್ಮ ದಾಖಲೆಗಳನ್ನು ಕೇಳಿ ಪಡೆಯುವುದೂ ನಿಮ್ಮ ಹಕ್ಕು. ವೈದ್ಯರ ನಡತೆಯ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ಕೊಡಬೇಕು. ಜಗಳ ಮಾಡಿ ಕೇಳಬೇಕಿಲ್ಲ, ‘ಇನ್ನೊಬ್ಬರಿಗೆ ತೋರಿಸ್ಕೊಂಡು ಬಂದು ನಿಮಗೇ ಹೇಳ್ತೀನಿ’ ಎಂದರೆ ಮರ್ಯಾದೆಯೂ ಉಳಿಯುತ್ತದೆ, ಕಾಗದವೂ ಸಿಗುತ್ತದೆ.

ಮೊದಲು ಎಂಡೋಕ್ರೈನಾಲಜಿಸ್ಟ್‌ಗೆ (ಶುಗರ್, ಹಾರ್ಮೋನ್ ತಜ್ಞರು) ತೋರಿಸಿ, ಆಮೇಲೆ ಸರ್ಜನ್‌ಗೆ. ಕತ್ತಿ ಹಿಡಿದವರನ್ನೇ ಮೊದಲು ಕೇಳಿದರೆ ಉತ್ತರ ಗೊತ್ತಿರುವುದೇ. ಸರ್ಜನ್‌ಗೆ ಕೇಳಬೇಕಾದದ್ದು: ವರ್ಷಕ್ಕೆ ಎಷ್ಟು ಮಾಡುತ್ತೀರಿ? ಹೊಲಿಗೆ ಬಿಟ್ಟು ಲೀಕ್ ಆದರೆ ನೋಡಿಕೊಳ್ಳಲು ಇದೇ ಆಸ್ಪತ್ರೆಯಲ್ಲಿ ಐಸಿಯು ಇದೆಯೇ? ಡಯಟೀಷಿಯನ್ ಎಷ್ಟು ತಿಂಗಳು ಸಿಗುತ್ತಾರೆ? ಬೆಂಗಳೂರು ತುಮಕೂರಿನಿಂದಲೇ 70 ಕಿ.ಮೀ.; ಪಾವಗಡ, ಮಧುಗಿರಿಯವರು ರಾತ್ರಿ ಯಾರಿಗೆ ಫೋನ್ ಮಾಡಬೇಕು? ಮೊದಲ ಭೇಟಿಯಲ್ಲೇ ‘ಈ ವಾರ ಡಿಸ್ಕೌಂಟ್’ ಎಂದರೆ ಎದ್ದು ಬನ್ನಿ.

ಇನ್ಶೂರೆನ್ಸ್ ಇದ್ದವರಿಗೆ ಒಂದು ಎಚ್ಚರಿಕೆ. ಡಾಕ್ಟರ ಮಿತಿ ಬೇರೆ, ಪಾಲಿಸಿಯ ಮಿತಿ ಬೇರೆ. ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐ ನಿಗದಿ ಮಾಡಿದ ಷರತ್ತಿನಲ್ಲಿ ವಯಸ್ಸು 18 ದಾಟಿರಬೇಕು, ಬಿಎಂಐ 40 ಇರಬೇಕು. 35 ಆದರೆ ಜತೆಗೆ ಹೃದಯದ ಕಾಯಿಲೆ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರು ನಿಲ್ಲುವುದು) ಅಥವಾ ಹತೋಟಿಗೆ ಬಾರದ ಟೈಪ್ 2 ಶುಗರ್ ಇದ್ದು, ಬೇರೆ ದಾರಿಗಳು ಸೋತಿರಬೇಕು. ವೈದ್ಯರ ಸಲಹೆಯೂ ಕಾಗದದ ಮೇಲಿರಬೇಕು. ನಿಮ್ಮ ಹಾಳೆಯ ಮೂರನೆಯ ಭಾಗಕ್ಕೆ ಡಾಕ್ಟರ ಸಹಿ ಬಿದ್ದರೆ ಇಲ್ಲಿ ಅದಕ್ಕೆ ದುಡ್ಡಿನ ಬೆಲೆ.

6. ಮುದ್ದೆಯ ಪ್ರಶ್ನೆ

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆಪರೇಷನ್ ಆದ ಹೊಟ್ಟೆಗೆ ಇದೇ ದೊಡ್ಡ ಕಂಟಕ: ತುತ್ತು ಕಿರಿದಾದ ದಾರಿಯಲ್ಲಿ ಕೂತು ಎದೆ ಬಿಗಿದು ವಾಂತಿಯಾಗುತ್ತದೆ. ಮೊದಲೆರಡು ವಾರ ನೀರಿನಂಥದ್ದು, ಸೋಸಿದ ತೆಳ್ಳನೆ ರಾಗಿ ಅಂಬಲಿ, ಮಜ್ಜಿಗೆ. ಆಮೇಲೆ ನುಣ್ಣಗೆ ಅರೆದದ್ದು. ಗಟ್ಟಿ ಆಹಾರ ಒಂದು ತಿಂಗಳ ಮೇಲೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಬೇಕು, ಅಷ್ಟು ಚಿಕ್ಕ ಹೊಟ್ಟೆಯಲ್ಲಿ ಅನ್ನ ಮುದ್ದೆಗೆ ಜಾಗ ಉಳಿಯುವುದಿಲ್ಲ. ಮೊಟ್ಟೆ, ಪನೀರು, ಬೇಯಿಸಿ ಅರೆದ ಹುರುಳಿ, ಅವರೆ ಮೊದಲು. ಡಾಕ್ಟರು ‘ನಿನ್ನ ಕೈಲಿ ಆಗಲ್ಲ’ ಎಂದಿದ್ದರೆ ಆಪರೇಷನ್‌ಗೆ ಮೊದಲೇ ಒಂದು ತಿಂಗಳು ಹೀಗೆ ನಿಧಾನವಾಗಿ ಅಗಿದು ತಿಂದು ತೋರಿಸಿ. ಆಗದಿದ್ದರೆ ಅವರ ಮಾತಲ್ಲಿ ತಿರುಳಿತ್ತು.

7. ಮರಳಿ ಅದೇ ಡಾಕ್ಟರ ಹತ್ತಿರ

ಡಿಸ್ಚಾರ್ಜ್ ಆಗಿ ಬಂದ ವಾರದಲ್ಲೇ ಹೋಗಿ. ಶುಗರ್ ಮಾತ್ರೆ, ಇನ್ಸುಲಿನ್, ಬಿಪಿ ಮಾತ್ರೆಗಳ ಡೋಸ್ ದಿನಗಳಲ್ಲೇ ಇಳಿಯಬೇಕಾಗಬಹುದು. ಹಳೆಯ ಡೋಸ್ ಮುಂದುವರಿಸಿ ತಲೆಸುತ್ತು ಬಂದು ಬೀಳುವವರಿದ್ದಾರೆ. ಯಾವ ಆಪರೇಷನ್, ಯಾವ ದಿನ, ಸರ್ಜನ್ ನಂಬರ್ ಇರುವ ಚೀಟಿ ಅವರ ಬಳಿ ಒಂದು, ನಿಮ್ಮ ಪರ್ಸಿನಲ್ಲಿ ಒಂದು. ಅದರಲ್ಲಿ ಈ ಮೂರು ಸಾಲನ್ನು ಸರ್ಜನ್‌ರಿಂದಲೇ ಬರೆಸಿ:

ನಾಡಿ 120 ದಾಟಿ, ಜ್ವರ, ಹೊಟ್ಟೆ ಅಥವಾ ಎಡ ಭುಜದ ನೋವು, ಏದುಸಿರು ಬಂದರೆ ಲೀಕ್ ಅಲ್ಲವೆಂದು ಖಚಿತವಾಗುವವರೆಗೆ ಲೀಕ್ ಎಂದೇ ತಿಳಿಯಬೇಕು. ಗ್ಯಾಸ್ ಮಾತ್ರೆ ಕೊಟ್ಟು ಕಳಿಸಬಾರದು.

ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆಯನ್ನು ಒಳಗೆ ನೋಡದೆ ಕುರುಡಾಗಿ ತೂರಿಸಬಾರದು.

ದಿನಗಟ್ಟಲೆ ವಾಂತಿಯಾಗಿ ಬಂದವರಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಾಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಕೊಡಬೇಕು. ಬಿ1 ಖಾಲಿಯಾದ ಮೈಗೆ ಬರೀ ಗ್ಲೂಕೋಸ್ ಹೋದರೆ ಮಿದುಳಿಗೆ ಪೆಟ್ಟು ಬೀಳುತ್ತದೆ, ಕಣ್ಣು ಓಲಾಡುತ್ತದೆ, ನಡಿಗೆ ತೂರಾಡುತ್ತದೆ. ‘ಸುಸ್ತಾಗಿದೆ, ಒಂದು ಬಾಟಲಿ ಹಾಕಿ’ ಎಂದು ನಾವೇ ಕೇಳಿ ಹಾಕಿಸಿಕೊಳ್ಳುವ ಊರಿನಲ್ಲಿ ಈ ಸಾಲನ್ನು ದಪ್ಪಕ್ಷರದಲ್ಲಿ ಬರೆಸಿ.