ಪ್ರಾಕ್ಸಿ ಸೆನ್ಸರ್ ಕೂರಿಸುವಾಗ ಲೇಬಲ್ ಅಂತರ ನಂಬಬೇಡಿ

ಲೋಹ ಎದುರಿಗೆ ಬಂತೋ ಇಲ್ಲವೋ ಎಂಬುದನ್ನು ಮುಟ್ಟದೆಯೇ ಹೇಳುವ ಇಂಡಕ್ಟಿವ್ ಪ್ರಾಕ್ಸಿ ಸೆನ್ಸರನ್ನು ‘ಕೆಟ್ಟಿದೆ’ ಎಂದು ಬಿಚ್ಚಿ ಎಸೆಯುವವರು ಬಹಳ. ಎಷ್ಟೋ ಸಲ ಕೆಟ್ಟಿರುವುದು ಸೆನ್ಸರ್ ಅಲ್ಲ, ಅದಕ್ಕೂ ಲೋಹಕ್ಕೂ ನಡುವೆ ಬಿಟ್ಟ ಅಂತರ.

ಅದರ ಮುಖದ ಹಿಂದೆ ಫೆರೈಟ್ ಬಟ್ಟಲಿನಲ್ಲಿ ತಾಮ್ರದ ಸುರುಳಿಯಿದೆ. ಆಸಿಲೇಟರ್ (ವಿದ್ಯುತ್ ಕಂಪನ ಹುಟ್ಟಿಸುವ ಸರ್ಕ್ಯೂಟ್) ಆ ಸುರುಳಿಯಿಂದ ಕಾಂತಕ್ಷೇತ್ರ ಹೊಮ್ಮಿಸುತ್ತದೆ. ಲೋಹ ಹತ್ತಿರ ಬಂದರೆ ಅದರಲ್ಲಿ ಹುಟ್ಟುವ ಸುಳಿ ವಿದ್ಯುತ್ ಆಸಿಲೇಟರಿನ ಶಕ್ತಿ ಹೀರುತ್ತದೆ. ಕಂಪನ ಕುಗ್ಗಿದೊಡನೆ ಔಟ್‌ಪುಟ್ ಬದಲಾಗುತ್ತದೆ. ಮರ, ಪ್ಲಾಸ್ಟಿಕ್ ಇದರ ಲೆಕ್ಕಕ್ಕೇ ಇಲ್ಲ.

ಮೂರು ತಂತಿಯದರ ವೈರಿಂಗ್ ಸುಲಭ: ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಔಟ್‌ಪುಟ್. ಔಟ್‌ಪುಟ್‌ನಲ್ಲಿ ಪ್ಲಸ್ ಕೊಡುವ ಪಿಎನ್‌ಪಿ ಬೇಕೋ ಮೈನಸ್ ಕೊಡುವ ಎನ್‌ಪಿಎನ್ ಬೇಕೋ ಎಂದು ಪಿಎಲ್‌ಸಿ (ಯಂತ್ರ ನಡೆಸುವ ಕಂಟ್ರೋಲರ್) ಇನ್‌ಪುಟ್ ನೋಡಿಯೇ ಕೊಳ್ಳಿ. ಎರಡು ತಂತಿಯದನ್ನು ರಿಲೇಯಂಥ ಲೋಡ್ ಇಲ್ಲದೆ ನೇರ ಸಪ್ಲೈಗೆ ಕೊಟ್ಟರೆ ಸುಟ್ಟೇಹೋಗಬಹುದು.

ಎಡವುವುದು ಅಂತರದಲ್ಲಿ. ಸಾಮಾನ್ಯ ಎಂ18 (18 ಮಿ.ಮೀ. ವ್ಯಾಸದ) ಫ್ಲಷ್, ಅಂದರೆ ಮುಖದ ಮಟ್ಟದವರೆಗೂ ಲೋಹದಲ್ಲಿ ಹೂತು ಕೂರಿಸಬಹುದಾದ, ಸೆನ್ಸರಿನ ಮೇಲೆ 5 ಮಿ.ಮೀ. ಎಂದಿದ್ದರೆ ಅದು 1 ಮಿ.ಮೀ. ದಪ್ಪದ, 18 ಮಿ.ಮೀ. ಚೌಕದ ಮೈಲ್ಡ್ ಸ್ಟೀಲ್ ತಗಡಿಗೆ ಹೇಳಿದ ಮಾತು. ಬಿಸಿ, ವೋಲ್ಟೇಜ್, ತಯಾರಿಕೆಯ ಏರುಪೇರು ಕಳೆದರೆ ಖಾತ್ರಿಯಾಗಿ ಸಿಗುವುದು 4 ಮಿ.ಮೀ. ಅಲ್ಯೂಮಿನಿಯಂ ಆದರೆ ಅದೂ ಸುಮಾರು 0.4 ಪಟ್ಟಿಗೆ, ಅಂದರೆ 1.6ಕ್ಕೆ ಇಳಿಯುತ್ತದೆ. ತಾಮ್ರಕ್ಕೆ ಇನ್ನೂ ಕಡಿಮೆ. ಅಂಥ ಭಾಗಕ್ಕೆ 20 ಮಿ.ಮೀ. ಚೌಕದ ಮೈಲ್ಡ್ ಸ್ಟೀಲ್ ತುಂಡೊಂದನ್ನು ಸ್ಕ್ರೂ ಹಾಕಿ ಕೂರಿಸುವುದೇ ಒಳ್ಳೆಯದು. ಎಲ್ಲ ಲೋಹಕ್ಕೂ ಒಂದೇ ಅಂತರ ಕೊಡುವ ದುಬಾರಿ ಸೆನ್ಸರಿಗಿಂತ ಅಗ್ಗ.

ಲೋಹ ಕಂಡು ಸೆನ್ಸರಿನ ಎಲ್‌ಇಡಿ ಹೊತ್ತಿದ ಕ್ಷಣವೇ ನಟ್ ಬಿಗಿಯುವುದು ಮಾಮೂಲಿ ತಪ್ಪು. ಮಧ್ಯಾಹ್ನ ಯಂತ್ರ ಕಾದಾಗ, ಬ್ರಾಕೆಟ್ ಅಲುಗಿದಾಗ ಅದು ಕೈಕೊಡುತ್ತದೆ. ಯಂತ್ರಕ್ಕೆ ಬರುವ ಕಂಪ್ರೆಸರ್ ಗಾಳಿ ಬಂದ್ ಮಾಡಿ, ಭಾಗವನ್ನು ಅದರ ಕೊನೆಯ ಸ್ಥಾನದಲ್ಲಿ ನಿಲ್ಲಿಸಿ. ಸೆನ್ಸರನ್ನು ಮುಂದೆ ತನ್ನಿ; ಎಲ್‌ಇಡಿ ಹೊತ್ತಿದಾಗ ಇರುವ ಅಂತರ ಅಳೆದು, ಅದರ ಅರ್ಧದಷ್ಟು ಇನ್ನೂ ಮುಂದೆ ಸರಿಸಿ. ಎಂ18 ಸೆನ್ಸರಿನ ಥ್ರೆಡ್ ಪಿಚ್ (ಒಂದೆಳೆಯಿಂದ ಮುಂದಿನೆಳೆಗಿರುವ ಅಂತರ) 1 ಮಿ.ಮೀ., ಹಾಗಾಗಿ ನಟ್ಟಿನ ಒಂದು ಸುತ್ತಿಗೆ 1 ಮಿ.ಮೀ. ಸೆನ್ಸರನ್ನೇ ತಿರುಗಿಸಬೇಡಿ, ಕೇಬಲ್ ತಿರುಚಿಕೊಳ್ಳುತ್ತದೆ. ಆಮೇಲೆ ಭಾಗವನ್ನು ಹಿಂದೆ ಎಳೆದು ಎಲ್‌ಇಡಿ ಆರುವುದನ್ನೂ ನೋಡಿ: ಹೊತ್ತುವ ಅಂತರಕ್ಕಿಂತ ಆರುವ ಅಂತರ ಶೇ. 20ರವರೆಗೂ ಹೆಚ್ಚಿರುತ್ತದೆ. ಭಾಗ ನೇರ ಮುಖಕ್ಕೆ ಬಂದು ಗುದ್ದುವಂತಿದ್ದರೆ ಪಕ್ಕದಿಂದ ಹಾದುಹೋಗುವಂತೆ ಬ್ರಾಕೆಟ್ ಬದಲಿಸಿ.

ಹೆಚ್ಚು ದೂರದ ಆಸೆಗೆ 8 ಮಿ.ಮೀ. ದೂರ ಕಾಣುವ ನಾನ್-ಫ್ಲಷ್ (ಮುಖ ಲೋಹದಿಂದ ಹೊರಗೆ ಚಾಚಿಯೇ ಇರಬೇಕಾದ) ಸೆನ್ಸರ್ ತಂದು ಬ್ರಾಕೆಟ್ಟಿನೊಳಗೆ ಹೂತರೆ ಅದು ಬ್ರಾಕೆಟ್ಟನ್ನೇ ಕಂಡು ಸದಾ ಆನ್ ಆಗಿರುತ್ತದೆ. ಮುಖ ಸುಮಾರು 16 ಮಿ.ಮೀ. ಹೊರಗೆ ಚಾಚಿರಲಿ.

ಕೂಲೆಂಟ್ ಬೀಳುವೆಡೆ ಪಿವಿಸಿ ಕೇಬಲ್ ಬೇಡ, ಗಟ್ಟಿಯಾಗಿ ಬಿರಿಯುತ್ತದೆ, ಪಿಯುಆರ್ (ಪಾಲಿಯುರೆಥೇನ್) ಹೊದಿಕೆಯದು ಹಾಕಿ. ಲೇತಿನ ಉಕ್ಕಿನ ಚೂರು ಮುಖಕ್ಕೆ ಮೆತ್ತಿಕೊಂಡರೂ ಎಲ್‌ಇಡಿ ಆರುವುದಿಲ್ಲ. ಹೊಸ ಸೆನ್ಸರ್ ತರಿಸುವ ಮೊದಲು ಬಟ್ಟೆಯಿಂದ ಒಮ್ಮೆ ಒರೆಸಿ.